ಹೋಳಿಗೂ ಮೊದಲು ಒಮ್ಮೆ ಗುಡ್ಡಕ್ಕೆ ಬನ್ನಿ

ನವನಗರದ ಬಂಧುಗಳೇ,

ಹೋಳಿ ಹುಣ್ಣಿಮೆ ಹತ್ತಿರ ಬಂತು. ಓಣಿ ಓಣಿಯಲ್ಲಿ ಹಲಗೆ ಸದ್ದು ಕೇಳತೊಡಗಿದೆ. ದಿನಗಟ್ಟಲೆ ನಡೆಯುವ ಬಾಗಲಕೋಟೆಯ ಬಣ್ಣದಾಟ ನಾಡಿಗೆಲ್ಲ ಗೊತ್ತು. ಇದೇ ಹೊತ್ತಿಗೆ ನಮ್ಮ ಗುಡ್ಡಗಳಿಗೂ ಬಣ್ಣ ಏರಿರುತ್ತದೆ ಎಂಬುದು ಮಾತ್ರ ನಮ್ಮಲ್ಲೇ ಬಹಳ ಮಂದಿಗೆ ಗೊತ್ತಿಲ್ಲ. ಹಬ್ಬದ ಗದ್ದಲ ಶುರುವಾಗುವ ಮುನ್ನ ಒಂದು ಮುಂಜಾನೆ ಮನೆಮಂದಿಯನ್ನೆಲ್ಲ ಕರೆದುಕೊಂಡು ಬಾದಾಮಿ ಗುಡ್ಡಕ್ಕೆ ಬನ್ನಿ, ಹೂಬಿಟ್ಟ ಗಿಡಮರಗಳನ್ನು ಕಣ್ತುಂಬ ನೋಡಿ ಎಂದು ಕೇಳಿಕೊಳ್ಳುವುದಕ್ಕೇ ಈ ಮನವಿ.

‘ನಮ್ಮ ಕಡೆ ನೋಡಾಕ ಏನೈತ್ರಿ, ಬರೀ ಕಲ್ಲು, ಬರೀ ಜಾಲಿ’ ಅನ್ನುವ ಮಾತು ನಮ್ಮ ಬಾಯಲ್ಲಿ ಕೂತುಬಿಟ್ಟಿದೆ. ಬರಡು ಅಂದುಕೊಂಡ ನೆಲಕ್ಕೆ ಬೆಂಕಿ ಇಡಲು, ಕಸ ಸುರಿಯಲು, ಕೊಡಲಿ ಹಾಕಲು ಯಾರ ಕೈಯೂ ಹಿಂಜರಿಯುವುದಿಲ್ಲ. ಗುಡ್ಡ ಉಳಿಯಬೇಕಾದರೆ ಮೊದಲು ಆ ಮಾತು ಹೋಗಬೇಕು. ಮಾತು ಹೋಗಬೇಕಾದರೆ ಗುಡ್ಡವನ್ನು ನಡೆದು ನೋಡಬೇಕು.

ಬಾದಾಮಿಯಿಂದ ಮಹಾಕೂಟಕ್ಕೆ ಗುಡ್ಡದ ಮೇಲೆ ಹಾದುಹೋಗುವ ಹಳೆಯ ಕಾಲುದಾರಿ ಇದೆ. ಈಗ ಬಹುತೇಕರು ಡಾಂಬರು ರಸ್ತೆ ಹಿಡಿದು ಹೋಗುತ್ತಾರೆ. ಬಿಸಿಲೇರುವ ಮುಂಚೆ ಆ ಕಾಲುದಾರಿ ಹಿಡಿಯಿರಿ. ಕೆಂಪು ಮರಳುಗಲ್ಲಿನ ಸಂದಿನಲ್ಲಿ ಕವಳಿ ಪೊದೆ ಸಣ್ಣ ಸಣ್ಣ ಬಿಳಿ ಹೂ ತಳೆದಿರುತ್ತದೆ. ಬೇಸಿಗೆಯಲ್ಲಿ ನಾವು ಆಸೆಪಟ್ಟು ತಿನ್ನುವ ಕವಳಿ ಹಣ್ಣು ಆಗುವುದು ಅದರಿಂದಲೇ. ಹೊಂಗೆಯ ಮೊಗ್ಗು ಬಿರಿಯುವ, ಯುಗಾದಿಯ ಬೇವು-ಬೆಲ್ಲಕ್ಕೆ ಬೇಕಾದ ಬೇವಿನ ಹೂವು ಅಣಿಯಾಗುವ ಕಾಲ ಇದು. ಇನ್ನೊಂದು ತಿಂಗಳು ಕಳೆದರೆ ಕಕ್ಕೆಯ ಹಳದಿ ಗೊಂಚಲು ಇಳಿಬೀಳುತ್ತವೆ.

ಆದರೆ ಈ ದಿನಗಳ ದೊರೆ ಮುತ್ತಲ. ಒಂದೆಲೆಯೂ ಇಲ್ಲದ ಸೊಟ್ಟ ಕೊಂಬೆಗಳ ತುಂಬ ಕೇಸರಿ ಹೂ. ಹತ್ತಿರ ಹೋಗಿ ಒಂದೇ ಒಂದು ಹೂವನ್ನು ದಿಟ್ಟಿಸಿ. ಕೆಳಗೆ ಮಖಮಲ್ಲಿನ ನುಣುಪಿನ ಕಪ್ಪು ಬಟ್ಟಲು, ಅದರಿಂದ ಹೊರಟ ಎಸಳು ಗಿಳಿಯ ಕೊಕ್ಕಿನಂತೆ ಬಾಗಿದೆ. ಮಕರಂದ ಹೂವಿನ ಬುಡದಲ್ಲಿದೆ. ಅದನ್ನು ಹೀರಲು ಸೂರಕ್ಕಿ, ಮೈನಾ ಕೊಕ್ಕು ತೂರಿಸಿದಾಗ ಪರಾಗ ಅವುಗಳಿಗೆ ಅಂಟಿಕೊಂಡು ಮುಂದಿನ ಮರಕ್ಕೆ ಸಾಗುತ್ತದೆ. ನೀರುಳಿಸಲು ಎಲೆ ಉದುರಿಸಿದ ಮರಕ್ಕೆ ಇದೂ ಒಂದು ಲಾಭ: ಎಲೆಯ ಮರೆಯಿಲ್ಲದ ಹೂವು ದೂರದ ಹಕ್ಕಿಗೂ ಕಾಣುತ್ತದೆ. ಮಳೆ ಕಡಿಮೆ ಬೀಳುವ ಸೀಮೆಯ ವಸಂತ ಹೀಗೆಯೇ ಇರುತ್ತದೆ. ಮಲೆನಾಡಿನ ಹಸಿರನ್ನು ಇಲ್ಲಿ ಹುಡುಕಿ ಬೇಸರಪಡುವುದು ಬೇಡ.

ಹೋಳಿಯ ಹಳೆಯ ಬಣ್ಣ ಈ ಮುತ್ತಲ ಹೂವಿನದೇ. ಹೊಲದ ಬದುವಿನ ಗಿಡದ ಕೆಳಗೆ ಉದುರಿದ ಹೂವು ಆರಿಸಿ ತಂದು ನೀರಲ್ಲಿ ಕುದಿಸಿ ಸೋಸಿದರೆ ಕೇಸರಿ ಓಕುಳಿ ಸಿದ್ಧ. ಈ ಸಲ ಮಕ್ಕಳ ಕೈಗೆ ಅದನ್ನೇ ಕೊಡಿ. ಟೊಂಗೆ ಮುರಿಯುವುದು ಬೇಡ, ಉದುರಿದ್ದೇ ಸಾಕಷ್ಟಿರುತ್ತದೆ.

ಓಣಿಯ ತಮ್ಮಂದಿರಲ್ಲಿ ಒಂದು ವಿಶೇಷ ವಿನಂತಿ. ಕಾಮಣ್ಣನಿಗೆ ಕುಳ್ಳು, ಒಣಕಟ್ಟಿಗೆ ಕೂಡಿಸಿ. ಹಸಿ ಗಿಡಕ್ಕೆ ಕೊಡಲಿ ಹಾಕಬೇಡಿ.

ಬೇಸಿಗೆಯಲ್ಲಿ ಗುಡ್ಡಕ್ಕೆ ದೊಡ್ಡ ಕುತ್ತು ಬೆಂಕಿಯದು. ಸೇದಿ ಎಸೆದ ಬೀಡಿ, ಅಡುಗೆ ಮಾಡಿ ಆರಿಸದೆ ಬಿಟ್ಟ ಒಲೆ, ಸುಟ್ಟರೆ ಹೊಸ ಹುಲ್ಲು ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ಇವೆಲ್ಲ ಅದಕ್ಕೆ ಕಾರಣ. ಒಣಹುಲ್ಲಿನೊಂದಿಗೆ ಎಳೆಯ ಸಸಿಗಳೂ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ಗೂಡುಗಳೂ ಬೂದಿಯಾಗುತ್ತವೆ. ಬಂಡೆಯ ಮೇಲಿನ ತೆಳು ಮಣ್ಣು ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ. ಕಾಯ್ದಿಟ್ಟ ಅರಣ್ಯಕ್ಕೆ ಬೆಂಕಿ ಹಚ್ಚುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ ಪ್ರಕಾರ ಅಪರಾಧ. ಹೊಗೆ ಕಂಡ ಕೂಡಲೇ ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಒಯ್ದ ನೀರಿನ ಬಾಟಲಿ, ಚೀಟಿ, ಚೀಲಗಳನ್ನು ವಾಪಸು ತನ್ನಿ.

ಕುರುಚಲು ಕಾಡೆಂದು ನಾವು ತಾತ್ಸಾರ ಮಾಡಿದ ಬೀಳಗಿ, ಮುಧೋಳ ಭಾಗದ ಗುಡ್ಡಗಳಲ್ಲೇ ಚಿಂಕಾರ ಎಂಬ ಹುಲ್ಲೆ ಬದುಕಿ ಉಳಿದಿದೆ. 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಘೋಷಣೆಯಾದದ್ದು ಈ ನೆಲಕ್ಕೆ ಸಂದ ಮನ್ನಣೆ.

ಶಿಕ್ಷಕರಿಗೂ ತೋಟಗಾರಿಕೆ ವಿಶ್ವವಿದ್ಯಾಲಯದ ಅಧ್ಯಾಪಕ, ವಿದ್ಯಾರ್ಥಿಗಳಿಗೂ ಒಂದು ಮಾತು. 2008ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯ ನಮ್ಮೂರಲ್ಲೇ ಇದೆ. ನೀವು ಮುಂದೆ ನಿಂತು ಜನರನ್ನು ಕರೆದೊಯ್ಯಿರಿ. ಜೊತೆಗೆ ಗುಡ್ಡದಲ್ಲೇ ಓಡಾಡಿ ಬೆಳೆದ ಕುರಿಗಾಹಿಗಳನ್ನು ಕೇಳಿ, ಪುಸ್ತಕದಲ್ಲಿ ಸಿಗದ ಹೆಸರುಗಳು ಅವರ ಬಳಿ ಸಿಗುತ್ತವೆ. ಯಾವ ಗಿಡ ಯಾವಾಗ ಮೊಗ್ಗಾಯಿತು, ಯಾವಾಗ ಹೂವಾಯಿತು ಎಂದು ಮಕ್ಕಳಿಂದ ವರ್ಷವರ್ಷವೂ ಬರೆಸಿ. ಜಪಾನಿನ ಕ್ಯೋಟೋದಲ್ಲಿ ಚೆರ್ರಿ ಹೂವಿನ ದಾಖಲೆ ಸುಮಾರು 1200 ವರ್ಷ ಹಿಂದಕ್ಕೆ ಹೋಗುತ್ತದೆ. 2021ರಲ್ಲಿ ಮಾರ್ಚ್ 26ಕ್ಕೇ ಹೂವು ತುಂಬಿ ಅರಳಿ, ಭೂಮಿ ಬಿಸಿಯೇರುತ್ತಿರುವುದಕ್ಕೆ ಆ ದಾಖಲೆ ಸಾಕ್ಷಿ ಹೇಳಿತು. ನಮ್ಮ ಮುತ್ತಲದ ಲೆಕ್ಕವನ್ನು ನಾವಲ್ಲದೆ ಇನ್ಯಾರು ಇಡಬೇಕು? ಮರಗಳ ಎಲೆ, ಹೂ, ಕಾಯಿಗಳ ಕಾಲವನ್ನು ಜನಸಾಮಾನ್ಯರಿಂದಲೇ ದಾಖಲಿಸುವ ‘ಸೀಸನ್‌ವಾಚ್’ ನಮ್ಮ ದೇಶದಲ್ಲೇ ಇದೆ. ಶಾಲೆಗಳು ಅದರೊಂದಿಗೂ ಕೈಜೋಡಿಸಬಹುದು.

ಬಂಧುಗಳೇ, ನಾವು ಮುಳುಗಡೆಯ ಜನ. ಆಲಮಟ್ಟಿಯ ಹಿನ್ನೀರಿಗೆ ಮನೆ ಹೊಲ ಬಿಟ್ಟುಕೊಟ್ಟವರು. ಕಟ್ಟೆಯ ಬೇವು, ಹಿತ್ತಲ ಹೂಗಿಡ, ಹೊಳೆದಂಡೆಯ ನೆರಳು ಎಲ್ಲವನ್ನೂ ನೀರಿಗೆ ಕೊಟ್ಟು ಬಂದ ನಮಗೆ ಉಳಿದಿರುವುದರ ಬೆಲೆ ಯಾರೂ ತಿಳಿಸಿ ಹೇಳಬೇಕಿಲ್ಲ. ಆ ನಷ್ಟವನ್ನು ತಡೆಯುವುದು ನಮ್ಮ ಕೈಯಲ್ಲಿರಲಿಲ್ಲ, ಈ ಗುಡ್ಡಗಳನ್ನು ಕಾಯುವುದು ನಮ್ಮ ಕೈಯಲ್ಲಿದೆ. ಪ್ರತಿ ಸೆಕ್ಟರಿನಿಂದ ನಾಲ್ಕು ಮನೆಯವರಾದರೂ ಹೋಳಿಗೂ ಮೊದಲಿನ ಭಾನುವಾರ ಹೊರಡೋಣ. ನೋಡಿ ಬಂದವರು ಪಕ್ಕದ ಮನೆಯವರಿಗೆ ಹೇಳಿ, ಮುಂದಿನ ವಾರ ಅವರೂ ಹೊರಡಲಿ.