ನಾಲ್ಕು ಸಲ ಕಳಿಸಿದ್ವಿ, ಐದನೇ ಸಲ ಯಾವಾಗ?

ಹುಬ್ಬಳ್ಳಿ-ಧಾರವಾಡದ ಅವ್ವಾರ, ಅಕ್ಕಾರ, ತಂಗ್ಯಾರ, ಅಣ್ಣಾರ,

1962ರಲ್ಲಿ ಧಾರವಾಡ ಉತ್ತರ ಲೋಕಸಭಾ ಕ್ಷೇತ್ರದಿಂದ ಗೆದ್ದು ದಿಲ್ಲಿಗೆ ಹೋದವರು ಸರೋಜಿನಿ ಮಹಿಷಿ. ಧಾರವಾಡದಲ್ಲೇ ಹುಟ್ಟಿದವರು, ಸಂಸ್ಕೃತ ಓದಿದವರು, ವಕೀಲರು, ಲೇಖಕಿ. ಕರ್ನಾಟಕದ ಮೊದಲ ಮಹಿಳಾ ಸಂಸದೆ. 1967ರಲ್ಲಿ ಮತ್ತೆ ಗೆದ್ದರು. 1971ರಲ್ಲಿ ಗೆದ್ದರು. 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ಸು ಕೊಚ್ಚಿಹೋದಾಗಲೂ ಇಲ್ಲಿ ಅವರು ಗೆದ್ದರು. ಇಂದಿರಾ ಗಾಂಧಿ ಸರ್ಕಾರದಲ್ಲಿ ಮಂತ್ರಿಯಾದರು. ಇವತ್ತು ಅವರ ಹೆಸರು ಹೇಳಿದರೆ ಜನರಿಗೆ ನೆನಪಾಗುವುದು ಕನ್ನಡಿಗರಿಗೆ ಕೆಲಸ ಕೊಡಿ ಎಂದ ಮಹಿಷಿ ವರದಿ. ಆ ವರದಿಯ ಋಣ ದೊಡ್ಡದು. ಆದರೆ ಅದಕ್ಕೂ ಮೊದಲು 18 ವರ್ಷ ಈ ಊರಿನ ದನಿಯಾಗಿ ಪಾರ್ಲಿಮೆಂಟಿನಲ್ಲಿ ನಿಂತವರು ಅವರು. ಆ ವೋಟು ಹಾಕಿದ್ದು ನಮ್ಮ ಅಜ್ಜಿಯರು, ನಮ್ಮ ಅಜ್ಜಂದಿರು.

1980ರಿಂದ ಈಚೆಗೆ? ಕ್ಷೇತ್ರದ ಗಡಿ ಬದಲಾಯಿತು, ಹೆಸರು ಬದಲಾಯಿತು, ಗೆಲ್ಲುವ ಪಕ್ಷವೂ ಬದಲಾಯಿತು. ಒಬ್ಬ ಹೆಣ್ಣುಮಗಳೂ ಈ ಊರಿಂದ ಲೋಕಸಭೆಗೆ ಹೋಗಲಿಲ್ಲ. "ಹೆಂಗಸರಿಗೆ ಇಲ್ಲಿ ಜನ ವೋಟು ಹಾಕಂಗಿಲ್ಲ" ಎಂದು ಟಿಕೆಟ್ ಹಂಚುವವರು ಹೇಳುತ್ತಾರೆ. ನಾಲ್ಕು ಸಲ ಹಾಕಿದ ಜನ ನಾವು. ಹಾಕದೆ ಇರುವವರು ಅವರು, ಬಿ-ಫಾರ್ಮಿನಲ್ಲಿ ಹೆಸರು ಹಾಕದೆ ಇರುವವರು.

ಇನ್ನೂ ಹಿಂದಕ್ಕೆ ಹೋಗೋಣ. ಕಿತ್ತೂರು ನಮಗೆ ಎಷ್ಟು ದೂರ? ಧಾರವಾಡದಿಂದ ಬಸ್ಸು ಹತ್ತಿದರೆ ಒಂದು ತಾಸಿನ ದಾರಿ. ಚೆನ್ನಮ್ಮನನ್ನು ನಾವು ಕುದುರೆ ಮೇಲೆ, ಕೈಯಲ್ಲಿ ಕತ್ತಿ ಹಿಡಿಸಿ ನಿಲ್ಲಿಸಿದ್ದೇವೆ. ಅವರು ಆಡಳಿತ ನಡೆಸಿದವರು ಎಂಬುದನ್ನು ಮರೆತಿದ್ದೇವೆ. 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡಾಗ ಕಂಪನಿ ಸರ್ಕಾರ ದತ್ತು ಮಗನನ್ನು ಒಪ್ಪಲಿಲ್ಲ. ಧಾರವಾಡದ ಕಲೆಕ್ಟರ್ ಥ್ಯಾಕರೆ ಇಲ್ಲಿಂದಲೇ ಹೋಗಿ ಕಿತ್ತೂರಿನ ಖಜಾನೆಗೆ ಮೊಹರು ಹಾಕಿಸಿದ. ಚೆನ್ನಮ್ಮ ಮೊದಲು ಎತ್ತಿದ್ದು ಕತ್ತಿಯಲ್ಲ; ಕಂಪನಿಯ ಮೇಲಧಿಕಾರಿಗಳಿಗೆ ಪತ್ರ ಬರೆಸಿದರು, ವಾದ ಹೂಡಿದರು, ದತ್ತಕದ ಹಕ್ಕು ಕೇಳಿದರು. ಅದು ಯಾವುದೂ ನಡೆಯದೆ ಹೋದಾಗ ಅಕ್ಟೋಬರ್ 23ರಂದು ಕೋಟೆಯ ಬಾಗಿಲು ತೆರೆಸಿದರು. ಅಂದು ಥ್ಯಾಕರೆ ಸತ್ತ. ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳನ್ನು ಕೊಲ್ಲದೆ ಇಟ್ಟುಕೊಂಡು ಸಂಧಾನಕ್ಕೆ ಕೂತರು. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ದಂಡು ತಂದು ಕೋಟೆ ಹಿಡಿಯಿತು. 1829ರಲ್ಲಿ ಬೈಲಹೊಂಗಲದ ಸೆರೆಯಲ್ಲೇ ಅವರು ತೀರಿಕೊಂಡರು. ಪತ್ರ, ಖಜಾನೆ, ಸಂಧಾನ, ದಂಡು: ಇದು ರಾಜ್ಯ ನಡೆಸುವವರ ಕೆಲಸ. ಇದನ್ನು ಒಬ್ಬ ಹೆಣ್ಣುಮಗಳು ನಮ್ಮ ಮಗ್ಗುಲಲ್ಲೇ ಮಾಡಿ 200 ವರ್ಷ ದಾಟಿತು.

ಜಗತ್ತು ಆಮೇಲೆ ಬಂತು. 1960ರ ಜುಲೈನಲ್ಲಿ ಸಿಲೋನಿನಲ್ಲಿ ಸಿರಿಮಾವೊ ಬಂಡಾರನಾಯಕೆ ಪ್ರಧಾನಿಯಾದರು. ಚುನಾಯಿತ ಸರ್ಕಾರ ನಡೆಸಿದ ಪ್ರಪಂಚದ ಮೊದಲ ಮಹಿಳಾ ಪ್ರಧಾನಿ. 1966ರಲ್ಲಿ ನಮ್ಮ ಇಂದಿರಾ. 1969ರಲ್ಲಿ ಇಸ್ರೇಲಿನಲ್ಲಿ ಗೋಲ್ಡಾ ಮೇಯರ್, 1979ರಲ್ಲಿ ಬ್ರಿಟನ್ನಿನಲ್ಲಿ ಕಿರಾಣಿ ಅಂಗಡಿಯವರ ಮಗಳು ಮಾರ್ಗರೆಟ್ ಥ್ಯಾಚರ್. 1988ರಲ್ಲಿ ಪಾಕಿಸ್ತಾನದಲ್ಲಿ ಬೇನಜೀರ್ ಭುಟ್ಟೊ, 1991ರಲ್ಲಿ ಬಾಂಗ್ಲಾದೇಶದಲ್ಲಿ ಖಾಲಿದಾ ಜಿಯಾ. ಜರ್ಮನಿಯನ್ನು ವಿಜ್ಞಾನಿ ಏಂಜೆಲಾ ಮರ್ಕೆಲ್ 16 ವರ್ಷ ನಡೆಸಿದರು. 2024ರ ಅಕ್ಟೋಬರಿನಲ್ಲಿ ಮೆಕ್ಸಿಕೊದ ಅಧ್ಯಕ್ಷ ಪದವಿಗೆ ಕ್ಲಾಡಿಯಾ ಶೇನ್‌ಬಾಮ್ ಏರಿದರು.

ಒಂದು ಮಾತು ಮುಚ್ಚಿಡದೆ ಹೇಳಬೇಕು. ನಮ್ಮ ಸುತ್ತಮುತ್ತಲ ದೇಶಗಳಲ್ಲಿ ಈ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಬಂದದ್ದು ತಂದೆಯ ಇಲ್ಲವೇ ಗಂಡನ ಹೆಸರು ಹಿಡಿದು. ಹಾಗೆ ಬಂದರೂ ಕೂತ ಮೇಲೆ ತಾವೇ ಆಳಿದರು, ತಪ್ಪನ್ನೂ ತಾವೇ ಮಾಡಿದರು. ಇಂದಿರಾ 1975ರಲ್ಲಿ ತುರ್ತು ಪರಿಸ್ಥಿತಿ ಹೇರಿದರು. ದೇಶ 1977ರಲ್ಲಿ ಅವರನ್ನು ಮನೆಗೆ ಕಳಿಸಿತು, ಸರಿಯಾಗಿಯೇ ಕಳಿಸಿತು. ಆದರೆ ಗಂಡಸು ಕೆಟ್ಟ ಆಡಳಿತ ಕೊಟ್ಟರೆ "ಗಂಡಸರಿಗೆ ಟಿಕೆಟ್ ಕೊಡಬ್ಯಾಡ್ರಿ" ಎಂದು ಯಾವ ಪಕ್ಷವೂ ಹೇಳಿದ್ದಿಲ್ಲ. ಒಬ್ಬ ಹೆಣ್ಣು ಸೋತರೆ ಹೆಣ್ಣುಕುಲವೇ ಸೋತಂತೆ ಲೆಕ್ಕ ಹಾಕುವ ರೂಢಿ ನಿಲ್ಲಬೇಕು.

ಸೋತ ಇಂದಿರಾರನ್ನು 1978ರ ನವೆಂಬರಿನಲ್ಲಿ ಮತ್ತೆ ಪಾರ್ಲಿಮೆಂಟಿಗೆ ಕಳಿಸಿದ್ದು ನಮ್ಮ ಚಿಕ್ಕಮಗಳೂರು. ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ 1991ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯಾದರು. ಪಕ್ಕದ ಗೋವಾದಲ್ಲಿ 1973ರಲ್ಲೇ ಶಶಿಕಲಾ ಕಾಕೋಡ್ಕರ್ ಆ ಖುರ್ಚಿಯಲ್ಲಿದ್ದರು. ಕರ್ನಾಟಕ ಒಂದಾದದ್ದು 1956ರಲ್ಲಿ; ಅಲ್ಲಿಂದ ಇಲ್ಲಿವರೆಗೆ ನಮಗೆ ಒಬ್ಬ ಮಹಿಳಾ ಮುಖ್ಯಮಂತ್ರಿ ಇಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳಲ್ಲಿ ಹೆಣ್ಣುಮಕ್ಕಳು ಗೆದ್ದದ್ದು 10. ಮರುವರ್ಷ ಲೋಕಸಭೆಯ 28ರಲ್ಲಿ 3. ಮಹಿಳಾ ಮೀಸಲಾತಿ ಮಸೂದೆಯನ್ನು 1996ರಲ್ಲಿ ಮೊದಲ ಸಲ ಮಂಡಿಸಿದ್ದು ಕನ್ನಡಿಗ ಪ್ರಧಾನಿ ದೇವೇಗೌಡರ ಸರ್ಕಾರ. ಅದು ಪಾಸಾಗಲು 2023ರ ಸೆಪ್ಟೆಂಬರ್ ಬರಬೇಕಾಯಿತು. ಪಾಸಾದ ಕಾಯ್ದೆಯೂ ಜನಗಣತಿ ಆಗಲಿ, ಕ್ಷೇತ್ರ ವಿಂಗಡಣೆ ಆಗಲಿ, ಆಮೇಲೆ ಜಾರಿ ಎಂದಿತು. ಟಿಕೆಟ್ ಕೊಡಲು ಪಕ್ಷಗಳಿಗೆ ಜನಗಣತಿ ಯಾಕೆ ಬೇಕು? ನಾಳೆಯೇ ಕೊಡಬಹುದು.

ಇನ್ನು ನಮ್ಮ ಓಣಿಗೆ ಬರೋಣ. ಪಾಲಿಕೆಯ 82 ವಾರ್ಡುಗಳಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ಮೀಸಲು. ಮೇಯರ್ ಖುರ್ಚಿಯಲ್ಲೂ ಹೆಣ್ಣುಮಕ್ಕಳು ಕೂತಿದ್ದಾರೆ. ಇದು ಹೋರಾಡಿ ಪಡೆದದ್ದು, ಕಡಿಮೆಯದಲ್ಲ. ಆದರೂ ನಡೆಯುವುದು ಏನು? ನಳಕ್ಕೆ ನೀರು ಬಂದು ವಾರ ಆತು ಎಂದು ಸದಸ್ಯೆಗೆ ಫೋನ್ ಹಚ್ಚಿದರೆ ಎತ್ತುವವರು ಯಜಮಾನರು. "ಹೇಳ್ರಿ ಬಾಯಾರ, ಅಕೀ ಒಳಗ ಅಡಗಿ ಮಾಡಾಕತ್ಯಾಳ, ನಾನ ನೋಡ್ಕೋತೀನಿ." ಗಟಾರ ನೋಡಲು ಬಂದವರು ಯಜಮಾನರು, ಗುತ್ತಿಗೆದಾರನ ಹತ್ತಿರ ಮಾತಾಡಿದವರು ಯಜಮಾನರು, ಬ್ಯಾನರಿನಲ್ಲಿ ಫೋಟೊ ದೊಡ್ಡದಿರುವುದೂ ಯಜಮಾನರದೇ. ರಾತ್ರಿ ಎರಡಕ್ಕೆ ನೀರು ಬಿಟ್ಟರೆ ಎದ್ದು ಕೊಡ ತುಂಬುವವರು ನಾವು. ಯಾವ ಓಣಿಗೆ ಯಾವ ಹೊತ್ತಿಗೆ ಬಿಡಬೇಕು ಎಂದು ತೀರ್ಮಾನಿಸುವ ಸಭೆಯಲ್ಲಿ ನಮ್ಮವಳ ಬಾಯಿಗೆ ಬೀಗ.

ಎಲ್ಲ ಸದಸ್ಯೆಯರೂ ಹೀಗಿಲ್ಲ. ಕಡತ ಓದಿ, ಅಧಿಕಾರಿಯನ್ನು ನಿಲ್ಲಿಸಿ ಕೇಳುವ ಗಟ್ಟಿಗಿತ್ತಿಯರೂ ಇದ್ದಾರೆ. ಅವರ ಬೆನ್ನಿಗೆ ನಾವು ನಿಲ್ಲಬೇಕು. ನಿಲ್ಲದೆ ಇದ್ದುದರಿಂದಲೇ ಮೀಸಲು ಸರಿದ ಮುಂದಿನ ಚುನಾವಣೆಯಲ್ಲಿ ಅಂಥವರಿಗೆ ಟಿಕೆಟ್ ತಪ್ಪುತ್ತದೆ. ದೊಡ್ಡ ಖುರ್ಚಿಗೆ ಹೋಗುವ ದಾರಿ ಅಲ್ಲೇ ಕಡಿದುಹೋಗುತ್ತದೆ.

ಅದಕ್ಕೇ ಕೇಳುತ್ತಿದ್ದೇವೆ, ಇಷ್ಟು ಮಾಡಿರಿ.

ನಿಮ್ಮ ವಾರ್ಡಿನ ಸದಸ್ಯೆಯ ಸ್ವಂತ ನಂಬರ್ ಕೇಳಿ ಬರೆದಿಟ್ಟುಕೊಳ್ಳಿರಿ. ಯಜಮಾನರು ಎತ್ತಿದರೆ ಮರ್ಯಾದೆಯಿಂದಲೇ ಹೇಳಿರಿ: "ನಾವು ವೋಟು ಹಾಕಿದ್ದು ಬಾಯಾರಿಗೆ ರೀ, ಅವ್ರಿಗೇ ಕೊಡ್ರಿ." ಗಟಾರದ ಅರ್ಜಿ, ದೀಪದ ಅರ್ಜಿ, ನೀರಿನ ಅರ್ಜಿ, ಎಲ್ಲವನ್ನೂ ಅವರ ಕೈಗೇ ಕೊಟ್ಟು ಸಹಿ ತೆಗೆದುಕೊಳ್ಳಿರಿ. ಸ್ತ್ರೀಶಕ್ತಿ ಸಂಘದ ಸಭೆಗೆ ಅವರನ್ನು ಕರೆಯಿರಿ, ಒಬ್ಬರೇ ಬರಲಿ ಎಂದು ಹೇಳಿ ಕರೆಯಿರಿ. ಸಂಘದ ಸಾಲದ ಲೆಕ್ಕ ರೊಕ್ಕಕ್ಕೆ ರೊಕ್ಕ ಇಡುವ ನಮಗೆ ಪಾಲಿಕೆಯ ಬಜೆಟ್ ಓದುವುದು ದೊಡ್ಡ ಮಾತಲ್ಲ; ಒಂದು ಪ್ರತಿ ತರಿಸಿ ಕೂಡಿ ಓದಿರಿ. ಚುನಾವಣೆ ಬಂದಾಗ ಮನೆ ಬಾಗಿಲಿಗೆ ಬರುವ ಪ್ರತಿ ಪಕ್ಷದವರಿಗೂ ಒಂದೇ ಪ್ರಶ್ನೆ ಹಾಕಿರಿ: ಮೀಸಲು ಇಲ್ಲದ ಎಷ್ಟು ಕಡೆ ಹೆಣ್ಣುಮಕ್ಕಳಿಗೆ ಬಿ-ಫಾರ್ಮ್ ಕೊಟ್ಟಿರಿ? ಧಾರವಾಡ ಲೋಕಸಭೆಗೆ ಯಾವಾಗ ಕೊಡ್ತೀರಿ? ಉತ್ತರ ಬರುವ ತನಕ ಅರಿಶಿನ ಕುಂಕುಮ ಸೀರೆ ಏನೂ ಮುಟ್ಟಬೇಡಿರಿ.

ಅಣ್ಣಾರ, ಸಹೋದರರ, ನಿಮಗೂ ಒಂದು ಮಾತು. ನಿಮ್ಮ ಮನೆಯಾಕೆ ಸದಸ್ಯೆಯಾಗಿದ್ದರೆ ಫೋನ್ ಅವರ ಕೈಗೆ ಕೊಡಿರಿ. ಸಭೆಯಿದ್ದ ದಿನ ಮಕ್ಕಳ ಊಟ ನೀವು ನೋಡಿಕೊಳ್ಳಿರಿ.

ಅಕ್ಟೋಬರ್ 23, ಕಿತ್ತೂರು ಗೆದ್ದ ದಿನ. ಸಂಜೆ 5ಕ್ಕೆ ಹುಬ್ಬಳ್ಳಿ ಚೆನ್ನಮ್ಮ ವೃತ್ತದಲ್ಲಿ ಸೇರಿ ಪಾಲಿಕೆ ಕಚೇರಿವರೆಗೆ ನಡೆಯುತ್ತೇವೆ. ಧಾರವಾಡದವರು ಚಿಗರಿ ಬಸ್ಸು ಹಿಡಿದು ಬರ್ರಿ. ಸಂತಿ ಮಾಡುವವರು ಬುಟ್ಟಿ ಸಮೇತ ಬರ್ರಿ, ಕಾಲೇಜಿನ ಹುಡುಗ್ಯಾರು ಗೆಳತ್ಯಾರನ್ನು ಕಟ್ಟಿಕೊಂಡು ಬರ್ರಿ. ನಿಮ್ಮ ಓಣಿಯ ಒಂದು ಬೇಡಿಕೆಯನ್ನು ಹಾಳೆಯಲ್ಲಿ ಬರೆದು, ವಾರ್ಡ್ ನಂಬರ್ ಹಾಕಿ, ಸಹಿ ಮಾಡಿಸಿ ತರ್ರಿ. ಎಲ್ಲವನ್ನೂ ಒಟ್ಟು ಮಾಡಿ ಸದಸ್ಯೆಯರ ಕೈಗೇ ಕೊಡುತ್ತೇವೆ.