ಸಿಲಿಂಡರ್ ಇದ್ದರೆ ಸಾಲದು, ಕೊಳವೆಯೂ ಸರಿಯಿರಬೇಕು

ಕಳೆದ ಬೇಸಿಗೆ ರಜೆಯಲ್ಲಿ ಅಬ್ಬನ ಗ್ಯಾರೇಜಿನಲ್ಲಿ ಒಂದು ಹಳೆಯ ಕಾರಿನ ಪೆಟ್ರೋಲ್ ಪೈಪ್ ಸೋರಿ ಬೆಂಕಿ ಹತ್ತಿಕೊಂಡಿತು. ನಮ್ಮಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಆದರೆ ಅದು ಟಯರ್ ರಾಶಿಯ ಹಿಂದಿನ ಗೋಡೆಯಲ್ಲಿ ನೇತಾಡುತ್ತಿತ್ತು. ಅಬ್ಬ ಮರಳು ಸುರಿದು ಬೆಂಕಿ ಆರಿಸುವಷ್ಟರಲ್ಲಿ ಅವರ ಬಲಗೈ ಸುಟ್ಟಿತ್ತು. ಗಾಯ ಈಗ ಮಾಗಿದೆ. ಆದರೆ ‘ಸಿಲಿಂಡರ್ ಇದ್ದೂ ಯಾಕೆ ಉಪಯೋಗಕ್ಕೆ ಬರಲಿಲ್ಲ?’ ಎಂಬ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ.

ಉತ್ತರ ಸಿಕ್ಕಿದ್ದು ನನಗೆ ಹುಚ್ಚು ಹಿಡಿಸಿರುವ ವೇಗದಾಖಲೆಯ ಕಾರುಗಳಲ್ಲಿ. ಅಮೆರಿಕದ ಯೂಟಾ ರಾಜ್ಯದಲ್ಲಿ ಬಾನೆವಿಲ್ ಎಂಬ ಉಪ್ಪಿನ ಬಯಲಿದೆ. ‘ಸ್ಪೀಡ್ ವೀಕ್’ ಎಂಬ ಕೂಟ ಅಲ್ಲಿ ಆರಂಭವಾದದ್ದು 1949ರಲ್ಲಿ. ಒಂದೊಂದೇ ಕಾರು ಗಡಿಯಾರದ ವಿರುದ್ಧ ಓಡುತ್ತದೆ. ಗಂಟೆಗೆ 480 ಕಿ.ಮೀ. ವೇಗವೆಂದರೆ ಸೆಕೆಂಡಿಗೆ ಸುಮಾರು 133 ಮೀಟರ್. ಬೆಂಕಿ ಕಂಡ ಕೂಡಲೇ ಇಳಿದು ಓಡುವಂತಿಲ್ಲ. ಪ್ಯಾರಾಚೂಟ್ ಬಿಚ್ಚಿದರೂ ಕಾರು ನಿಲ್ಲಲು ಬಹಳ ದೂರ ಬೇಕು. ಅಗ್ನಿಶಾಮಕ ವಾಹನ ಹತ್ತಿರ ಬರುವವರೆಗೆ ಚಾಲಕನನ್ನು ಕಾಯುವುದು ಅವನ ಉಡುಪು ಮತ್ತು ಕಾರಿನೊಳಗಿನ ಬಾಟಲಿ, ಎರಡೇ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಬೆಂಕಿ ನಂದಿಸುವ ವ್ಯವಸ್ಥೆಯನ್ನು ಕಾರಿನ ನಕ್ಷೆ ಬರೆಯುವ ದಿನವೇ ನಿರ್ಧರಿಸಬೇಕು. ಎಲ್ಲ ಕೆಲಸ ಮುಗಿದ ಮೇಲೆ ಉಳಿದ ಮೂಲೆಯಲ್ಲಿ ಅದನ್ನು ತುರುಕಬಾರದು.

ಮೊದಲನೆಯದು, ಬಾಟಲಿಯಲ್ಲಿ ಏನಿರಬೇಕು ಎಂಬ ಆಯ್ಕೆ. ಹಿಂದೆ ಹ್ಯಾಲಾನ್ 1301 ಎಂಬ ಅನಿಲ ಬಳಸುತ್ತಿದ್ದರು. ಅದು ಉರಿಯುವ ಕ್ರಿಯೆಯ ಸರಪಳಿಯನ್ನೇ ತುಂಡರಿಸುತ್ತದೆ. ಆದರೆ ಅದರಲ್ಲಿನ ಬ್ರೋಮಿನ್ ಓಝೋನ್ ಪದರಕ್ಕೆ ಮಾರಕ. ಹಾಗಾಗಿ ಮಾಂಟ್ರಿಯಲ್ ಒಪ್ಪಂದದಂತೆ ಮುಂದುವರಿದ ದೇಶಗಳು 1994ರಿಂದ ಅದರ ತಯಾರಿಕೆ ನಿಲ್ಲಿಸಿದವು. ಈಗ ನೊರೆ ಅಥವಾ ಬೇರೆ ಅನಿಲಗಳ ಬಳಕೆಯಿದೆ. ನೊರೆ ಪೆಟ್ರೋಲಿನ ಮೇಲೆ ಪೊರೆಯಂತೆ ಹರಡಿ ಗಾಳಿಯನ್ನು ತಡೆಯುತ್ತದೆ. ಮೆಥನಾಲ್ ಇಂಧನವಾದರೆ ಸಾಮಾನ್ಯ ನೊರೆಯ ಪೊರೆ ಒಡೆದುಹೋಗುತ್ತದೆ. ಸಾಲದ್ದಕ್ಕೆ ಅದರ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಬೀಳುವುದೇ ಕಷ್ಟ. ನಮ್ಮ ಲ್ಯಾಬಿನಲ್ಲಿರುವಂಥ ಪುಡಿಯನ್ನು ಇಕ್ಕಟ್ಟಾದ ಚಾಲಕನ ಕೋಣೆಯಲ್ಲಿ ಹಾರಿಸಿದರೆ ಅವನಿಗೆ ದಾರಿಯೂ ಕಾಣದು, ಉಸಿರೂ ಕಟ್ಟುತ್ತದೆ. ಇಂಧನ ಯಾವುದು, ಜಾಗ ಎಂಥದ್ದು ಎಂದು ನೋಡದೆ ಬಾಟಲಿ ಕೊಳ್ಳುವುದು ರೋಗ ಕೇಳದೆ ಮಾತ್ರೆ ಕೊಟ್ಟಂತೆ.

ಎರಡನೆಯದು ಕೊಳವೆ. ಜನ ಬಾಟಲಿಗೆ ಹಣ ಸುರಿದು ಕೊಳವೆಯನ್ನು ಮರೆಯುತ್ತಾರೆ. ಇಂಜಿನ್ ಪಕ್ಕದಲ್ಲಿ ಪ್ಲಾಸ್ಟಿಕ್ ಕೊಳವೆ ಹಾಕಿದರೆ ಬೆಂಕಿ ಮೊದಲು ತಿನ್ನುವುದು ಅದನ್ನೇ. ಅಲ್ಲಿ ಲೋಹದ್ದೇ ಬೇಕು. ಪ್ರತಿ ತಿರುವಿನಲ್ಲೂ ಒತ್ತಡ ಕಡಿಮೆಯಾಗುತ್ತದೆ, ಆದ್ದರಿಂದ ತಿರುವು ಕಡಿಮೆಯಿದ್ದಷ್ಟು ಒಳ್ಳೆಯದು. ಎಲ್ಲ ನಳಿಕೆಗಳ ರಂಧ್ರಗಳ ಒಟ್ಟು ವಿಸ್ತೀರ್ಣ ಮುಖ್ಯ ಕೊಳವೆಯದಕ್ಕಿಂತ ಹೆಚ್ಚಾದರೆ ಹತ್ತಿರದ ನಳಿಕೆಯೇ ಹೆಚ್ಚು ಪಾಲು ಕುಡಿದುಬಿಡುತ್ತದೆ, ಕೊನೆಯದಕ್ಕೆ ಹನಿಯಷ್ಟೇ ಸಿಗುತ್ತದೆ. ಇಂಜಿನ್ ಕಡೆಯ ನಳಿಕೆಗಳು ಇಂಧನ ಸೋರಬಹುದಾದ ಜಾಗಗಳತ್ತ ತಿರುಗಿರಬೇಕು. ಚಾಲಕನ ಕಡೆಯವು ಅವನ ಮಡಿಲು, ಕಾಲುಗಳತ್ತ ಇರಬೇಕೇ ಹೊರತು ಮುಖದತ್ತ ಅಲ್ಲ. ಇಂಜಿನ್ನಿಗೊಂದು, ಚಾಲಕನಿಗೊಂದು ಬೇರೆ ಬೇರೆ ಬಾಟಲಿ ಇರಲಿ. ಒಂದು ಖಾಲಿಯಾದರೆ ಇನ್ನೊಂದು ಉಳಿದಿರುತ್ತದೆ.

ಮೂರನೆಯದು ಕೈಗೆಟಕುವ ಹಿಡಿ. ಚಾಲಕ ಎಲ್ಲ ಬೆಲ್ಟ್ ಕಟ್ಟಿಕೊಂಡು, ಕೈಪಟ್ಟಿಗಳನ್ನೂ ಬಿಗಿದು ಕುಳಿತಾಗ ಹಿಡಿ ಎಟಕಬೇಕು. ಶೆಡ್ಡಿನಲ್ಲಿ ಆರಾಮಾಗಿ ಕುಳಿತು ಎಟಕಿತು ಅಂದರೆ ಪ್ರಯೋಜನವಿಲ್ಲ. ಕಣ್ಣು ಮುಚ್ಚಿ ಹತ್ತು ಸಲ ಅಭ್ಯಾಸ ಮಾಡಬೇಕು.

‘ಇದೆಲ್ಲ ಸುಮ್ಮನೆ ಭಾರ’ ಎಂದು ಕೆಲವರು ಹೇಳಬಹುದು. ತಿರುವುಗಳ ಟ್ರ್ಯಾಕಿನಲ್ಲಿ ಭಾರ ಶತ್ರು, ಒಪ್ಪುತ್ತೇನೆ. ಆದರೆ ಉಪ್ಪಿನ ಮೇಲೆ ಚಕ್ರ ಜಾರದಿರಲಿ ಎಂದು ಎಷ್ಟೋ ತಂಡಗಳು ಬೇಕೆಂದೇ ಸೀಸದಂಥ ಭಾರ ಹೇರುತ್ತವೆ. ಸೀಸ ಹೊರುವ ಕಾರು ಇನ್ನೊಂದು ಬಾಟಲಿ ಹೊರಲಾರದೇ?

ನೆರವು ದೂರವಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 1973ರ ಝಂಡ್‌ವೂರ್ಟ್ ರೇಸ್ ಸಾಕ್ಷಿ. ರೋಜರ್ ವಿಲಿಯಮ್ಸನ್ ಅವರ ಕಾರು ಮಗುಚಿ ಉರಿಯತೊಡಗಿತು. ಇನ್ನೊಬ್ಬ ಚಾಲಕ ಡೇವಿಡ್ ಪರ್ಲಿ ತನ್ನ ಕಾರು ನಿಲ್ಲಿಸಿ ಓಡಿಬಂದು ಒಬ್ಬರೇ ಹೆಣಗಿದರು. ಅಲ್ಲಿದ್ದ ಸಿಬ್ಬಂದಿಗೆ ಬೆಂಕಿ ತಡೆಯುವ ಉಡುಪಿರಲಿಲ್ಲ. ವಿಲಿಯಮ್ಸನ್ ಉಳಿಯಲಿಲ್ಲ. ಅದು ನಡೆದದ್ದು ಸಾವಿರಾರು ಜನರ ಕಣ್ಣೆದುರಿನಲ್ಲಿ. ಉಪ್ಪಿನ ಬಯಲಿನಲ್ಲಿ ಹತ್ತಿರ ಓಡಿಬರಲು ಅಂಥ ಒಬ್ಬ ಪರ್ಲಿಯೂ ಇರುವುದಿಲ್ಲ.

ನಮ್ಮಲ್ಲಿ ಯಾರೂ ನಾಳೆಯೇ ಬಾನೆವಿಲ್‌ಗೆ ಹೋಗುವುದಿಲ್ಲ. ಆದರೆ ನಾಳೆ ನಾವೆಲ್ಲ ಕೆಮಿಸ್ಟ್ರಿ ಲ್ಯಾಬಿಗೆ ಹೋಗುತ್ತೇವೆ. ಅಲ್ಲಿನ ಸಿಲಿಂಡರಿನ ಮುಳ್ಳು ಹಸಿರು ಭಾಗದಲ್ಲಿದೆಯೇ? ಅದರ ಪಿನ್ ಎಳೆಯುವುದು ಹೇಗೆಂದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ವರ್ಷಕ್ಕೊಮ್ಮೆಯಾದರೂ ಮೈದಾನದಲ್ಲಿ ಇದರ ಪ್ರಾತ್ಯಕ್ಷಿಕೆ ಏರ್ಪಡಿಸಬೇಕೆಂದು ಪ್ರಾಂಶುಪಾಲರಲ್ಲಿ ಮತ್ತು ಲ್ಯಾಬಿನ ಉಪನ್ಯಾಸಕರಲ್ಲಿ ನನ್ನ ವಿನಂತಿ.

ಅಬ್ಬ ಈಗ ಗ್ಯಾರೇಜಿನ ಸಿಲಿಂಡರನ್ನು ಬಾಗಿಲ ಪಕ್ಕಕ್ಕೆ ತಂದಿದ್ದಾರೆ. ಅದರ ಮುಂದೆ ಟಯರ್ ಇಡಲು ಯಾರನ್ನೂ ಬಿಡುವುದಿಲ್ಲ, ನನ್ನನ್ನೂ.

— ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗದ ವಿದ್ಯಾರ್ಥಿ