ಕೋವಿಗೆ ಪರವಾನಗಿ ಉಂಟು, ಗುಂಡಿಗೆ?

ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಿಕೊಂಡು ಹಿಂದಿರುಗುವಾಗ ಸಮೀಪದ ಹಳ್ಳಿಯೊಂದರಲ್ಲಿರುವ ನೆಂಟರ ಮನೆಗೆ ಹೋಗಿದ್ದೆ. ಅವರ ನೆರೆಮನೆಯ ಹಿರಿಯರಿಗೆ ಎಂಬತ್ತರ ಆಸುಪಾಸು. ಕಣ್ಣು ಮಂಜಾದ ಮೇಲೆ ಕೋವಿಯನ್ನೂ ಪರವಾನಗಿಯನ್ನೂ ಒಪ್ಪಿಸಿಬಿಟ್ಟಿದ್ದಾರೆ. ಅದನ್ನು ತೂಗುಹಾಕುತ್ತಿದ್ದ ಎರಡು ಮೊಳೆಗಳು ಮಾತ್ರ ಗೋಡೆಯಲ್ಲಿ ಉಳಿದಿವೆ. ಪಕ್ಕದ ಮತ್ತೊಂದು ಮೊಳೆಯಲ್ಲಿ ಇಕ್ಕಳದಂತಹ ಕಬ್ಬಿಣದ ಸಾಧನವೊಂದು ನೇತಾಡುತ್ತಿತ್ತು. ಅದರ ಎರಡು ದವಡೆಗಳು ಕೂಡಿದಾಗ ನಡುವೆ ಗೋಲಿ ಗಾತ್ರದ ಪೊಳ್ಳು ಉಳಿಯುತ್ತದೆ.

'ಇದೇನಜ್ಜ?' ಎಂದೆ.

'ಗುಂಡಿನಚ್ಚು ಕಣಪ್ಪ. ಕೋವಿಗೆ ಸರ್ಕಾರ ಲೈಸೆನ್ಸ್ ಕೊಡ್ತು, ಗುಂಡು ಯಾರು ಕೊಡ್ತಾರೆ? ಸೀಸ ಕಾಯಿಸಿ ನಾವೇ ಎರಕ ಹೊಯ್ಕೋತಿದ್ವಿ.'

ಅಜ್ಜನ ಈ ಪ್ರಶ್ನೆ ನಮ್ಮ ಶಸ್ತ್ರಾಸ್ತ್ರ ಕಾನೂನಿನ ಒಂದು ವಿಚಿತ್ರ ತೊಡಕನ್ನು ಎತ್ತಿ ತೋರಿಸುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳುವ ರೈತನ ವಿಷಯದಲ್ಲಿ ಉದಾರವಾಗಿಯೇ ಇದೆ. ನಿರಾಕರಿಸಲು ಬೇರೆ ಕಾರಣಗಳಿಲ್ಲದಿದ್ದರೆ ಅವನಿಗೆ ಪರವಾನಗಿ ನೀಡತಕ್ಕದ್ದು ಎನ್ನುತ್ತದೆ. ಆದರೆ ಅದು ಮೊದಲು ಸೂಚಿಸುವುದು ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆ ಬಗೆಯದು. ಇಂತಹ ಕೋವಿಗೆ ಸಿದ್ಧ ತೋಟಾ ಹೊಂದುವುದಿಲ್ಲ. ಮದ್ದು, ಕೇಪು, ಸೀಸದ ಗುಂಡು ಎಲ್ಲವೂ ಬಿಡಿಬಿಡಿ. ನಳಿಗೆಯ ಅಳತೆ ಒಂದೊಂದು ಕೋವಿಗೆ ಒಂದೊಂದು ಆಗಿರುವುದರಿಂದ ಅಚ್ಚು ಕೋವಿಯ ಜೊತೆಗೇ ಬರುತ್ತಿದ್ದುದು ಸಹಜ.

ಅದೇ ಕಾಯ್ದೆಯಲ್ಲಿ 'ಮದ್ದುಗುಂಡು' ಎಂಬುದರ ವ್ಯಾಖ್ಯೆಯನ್ನು ನೋಡಿ. ಅದರೊಳಗೆ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ಸೇರಿವೆ. 5ನೇ ಕಲಮಿನ ಪ್ರಕಾರ ತಯಾರಿಕೆಗೆ ಪ್ರತ್ಯೇಕ ಪರವಾನಗಿ ಬೇಕು. 2019ರ ತಿದ್ದುಪಡಿಯ ಬಳಿಕ ಇದನ್ನು ಮೀರಿದವರಿಗೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ತಿದ್ದುಪಡಿಯ ಗುರಿ ಅಕ್ರಮ ಪಿಸ್ತೂಲುಗಳ ಕಾರ್ಖಾನೆ ಮತ್ತು ಸಾಗಾಟಗಾರರು. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಕ್ಷರಶಃ ಓದಿದರೆ, ಪರವಾನಗಿಯ ಕೋವಿಗೆ ಒಲೆಯ ಮೇಲೆ ನಾಲ್ಕು ಗುಂಡು ಎರೆದುಕೊಂಡ ರೈತನೂ ಅದೇ ಸಾಲಿನಲ್ಲಿ ನಿಲ್ಲುತ್ತಾನೆ. ನ್ಯಾಯಾಲಯ ಅವನನ್ನು ಹೇಗೆ ಕಂಡೀತು ಎಂಬುದು ನಂತರದ ಮಾತು. ಅಷ್ಟರೊಳಗೆ ಅವನ ಎರಡು ಎಕರೆ ಕೈಬಿಟ್ಟಿರುತ್ತದೆ.

ಸೀಸದ ಬಗೆಗಿನ ಈ ಅನುಮಾನ ಹಳೆಯದು. 1857ರಲ್ಲಿ ನಿಶ್ಶಸ್ತ್ರೀಕರಣದ ಆಜ್ಞೆಗೆ ತಲೆಬಾಗದ ಹಲಗಲಿಯ ಬೇಡರ ಮೇಲೆ ಬ್ರಿಟಿಷರು ದಂಡು ಕಳಿಸಿ ಊರನ್ನೇ ಸುಟ್ಟರು. ಆ ಬಳಿಕ ಬಂದ 1878ರ ಕಾಯ್ದೆಯಲ್ಲಿ, ಸರ್ಕಾರ ಬಯಸಿದರೆ ಸೀಸ, ಗಂಧಕ, ಪೆಟ್ಲುಪ್ಪುಗಳನ್ನೂ ಸೇನಾ ಸಾಮಗ್ರಿಯೆಂದು ಪರಿಗಣಿಸಲು ಅವಕಾಶವಿತ್ತು. ಮದ್ದುಗುಂಡಿನ ಮೂಲವಸ್ತುಗಳನ್ನು ಅಧಿಸೂಚನೆಯ ಮೂಲಕ ಸೇರಿಸುವ ಅಧಿಕಾರವನ್ನು ಸ್ವತಂತ್ರ ಭಾರತದ ಕಾಯ್ದೆಯೂ ಉಳಿಸಿಕೊಂಡಿತು. ಸೀಸವನ್ನು ಆಯುಧವಾಗಿ ಕಾಣುವ ಪ್ರಭುತ್ವದ ಕಣ್ಣಿಗೆ ಅದು ವಿಷವಾಗಿ ಕಂಡದ್ದು ಬಹಳ ತಡವಾಗಿ.

ಅಮೆರಿಕದಲ್ಲಿ ದೊಡ್ಡ ಬೋರಿನ ರಿವಾಲ್ವರುಗಳಿಗೆ ಮನೆಯ ಶೆಡ್ಡಿನಲ್ಲೇ ಗುಂಡು ಎರೆಯುವುದು ಸಾವಿರಾರು ಜನರ ಹವ್ಯಾಸ. ಹೊಸಬರಿಗೆ ಅಲ್ಲಿ ಕೈಪಿಡಿಗಳಿವೆ, ಉಷ್ಣಮಾಪಕ ಜೋಡಿಸಿದ ವಿದ್ಯುತ್ ಕುಲುಮೆಗಳಿವೆ. ಸೀಸ ಕರಗುವುದು ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅಚ್ಚಿನ ಮೂಲೆಮೂಲೆ ತುಂಬಲಿ ಎಂದು ತುಸು ತವರ, ಗಡಸಾಗಲಿ ಎಂದು ಆಂಟಿಮನಿ ಬೆರೆಸುತ್ತಾರೆ. ಕರಗಿದ ಸೀಸದೊಳಗೆ ಒಂದು ಹನಿ ನೀರು ಸಿಕ್ಕಿಕೊಂಡರೂ ಅದು ಆವಿಯಾಗಿ ಸಿಡಿದು ಮೈಮುಖ ಸುಡುತ್ತದೆ. ಹಳೆಯ ಬ್ಯಾಟರಿಯ ಸೀಸವನ್ನು ಮುಟ್ಟಲೇಬೇಡಿ ಎಂಬುದು ಅಲ್ಲಿ ಕಲಿಯುವವರಿಗೆ ಹೇಳುವ ಮೊದಲ ಮಾತುಗಳಲ್ಲೊಂದು.

ನಮ್ಮ ಅಜ್ಜನಿಗೆ ಸೀಸ ಸಿಗುತ್ತಿದ್ದುದು ಹರಿದ ಬೀಸುಬಲೆಯ ಅಂಚಿನ ಗುಂಡುಗಳಿಂದ, ಸೂಳೆಕೆರೆ ದೂರವೇನಲ್ಲ. ಅದು ಸಾಲದಾದಾಗ ಗುಜರಿಯ ಬ್ಯಾಟರಿ. ಬಾಲಕನಾಗಿದ್ದಾಗ ಅಚ್ಚು ಹಿಡಿದುಕೊಳ್ಳುವುದು ಅವರ ಪಾಲಿನ ಕೆಲಸ. ಸೀಸ ಕಾಯಿಸುತ್ತಿದ್ದುದು ಯಾವುದರಲ್ಲಿ ಎಂದು ಕೇಳಿದೆ. 'ಒಗ್ಗರಣೆ ಸೌಟಿನಲ್ಲಿ. ಅವ್ವ ಬೂದಿ ಹಾಕಿ ತಿಕ್ಕಿ ಮತ್ತೆ ಸಾರಿಗೆ ಒಗ್ಗರಣೆ ಹಾಕೋಳು' ಎಂದರು.

ಜನ ಹೊಗೆಗೆ ಹೆದರುತ್ತಾರೆ. ಆದರೆ ಸೀಸ ಕುದಿಯುವುದು 1,700 ಡಿಗ್ರಿಗೂ ಮೇಲೆ. ಮನೆಯ ಒಲೆ ಅಷ್ಟು ಕಾಯುವುದಿಲ್ಲ. ಹೆಚ್ಚಿನ ಅಪಾಯವಿರುವುದು ಮೇಲೆ ಕಟ್ಟುವ ಬೂದುಬಣ್ಣದ ಕಿಟ್ಟದಲ್ಲಿ, ಅದರ ಪುಡಿಯಲ್ಲಿ, ತೊಳೆಯದ ಕೈಯಲ್ಲಿ. ಸೀಸದ ಸಂಪರ್ಕಕ್ಕೆ ಸುರಕ್ಷಿತ ಎನ್ನಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿಗೆ ಅದು ಮಾಡುವ ಹಾನಿಯನ್ನು ಸರಿಪಡಿಸಲಾಗದು. ಬೆಂಗಳೂರಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂತಹವರು ದಶಕಗಳ ಕಾಲ ಇದನ್ನೇ ಸಾರಿದರು. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಯ ಬಣ್ಣಗಳಲ್ಲಿ ಅದರ ಪ್ರಮಾಣಕ್ಕೆ 2016ರ ನಿಯಮಗಳು ಮಿತಿ ಹಾಕಿದವು. ಹಳ್ಳಿಯ ಅಡುಗೆಮನೆಯ ಸೌಟಿನ ತನಕ ಯಾವ ನಿಯಮವೂ ಬಂದಿಲ್ಲ.

ಇಷ್ಟೆಲ್ಲ ಅಪಾಯ ಹೊತ್ತು ಎರೆದ ಗುಂಡಿನಿಂದ ರೈತನಿಗೆ ದಕ್ಕುವುದಾದರೂ ಏನು? ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಯನ್ನು ಅವನು ತಾನಾಗಿ ಕೊಲ್ಲುವಂತಿಲ್ಲ. ಅದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಡಿ ಅಧಿಕಾರಿಯ ಆದೇಶ ಬೇಕು. ಅಂದರೆ ಬೆಳೆ ರಕ್ಷಣೆಯ ಕೋವಿಯಿಂದ ಕಾನೂನುಬದ್ಧವಾಗಿ ಆಗುವ ಕೆಲಸ ಬಹುಪಾಲು ಸದ್ದು ಮಾಡುವುದು. ಸದ್ದಿಗೆ ಮದ್ದು ಸಾಕು, ಗುಂಡು ಬೇಡ. ಈ ಸರಳ ಮಾತನ್ನು ಪರವಾನಗಿ ಕೊಡುವಾಗಲೇ, ನವೀಕರಿಸುವಾಗಲೇ ಕನ್ನಡದಲ್ಲಿ ಬರೆದು ಕೊಡಬಹುದಲ್ಲ?

ಗುಂಡು ನಿಜಕ್ಕೂ ಬೇಕಾದ ಕಡೆ, ಅಳತೆಗೆ ತಕ್ಕ ಗುಂಡನ್ನು ಪರವಾನಗಿ ಹೊಂದಿದ ಮಾರಾಟಗಾರರ ಮೂಲಕ ತಾಲ್ಲೂಕು ಮಟ್ಟದಲ್ಲಿ ಒದಗಿಸುವ ಹೊಣೆಯನ್ನು ಜಿಲ್ಲಾಡಳಿತವೇ ಹೊರಬೇಕು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಕೋವಿ ವಿನಾಯಿತಿಯನ್ನು ಕೇಂದ್ರವು 2019ರಲ್ಲಿ ಹತ್ತು ವರ್ಷ ಮುಂದುವರಿಸಿತು. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಂಪ್ರದಾಯಕ್ಕೆ ಅಷ್ಟು ಜಾಗ ಮಾಡಿಕೊಟ್ಟ ವ್ಯವಸ್ಥೆಗೆ, ಹಳೆಯ ಅಚ್ಚುಗಳನ್ನು ಯಾವ ಮೊಕದ್ದಮೆಯೂ ಇಲ್ಲದೆ ಒಪ್ಪಿಸಲು ಆರು ತಿಂಗಳ ಕಾಲಾವಕಾಶ ಕೊಡುವುದು ಕಷ್ಟವಾಗಲಾರದು. ಸೌಟಿನ ವಿಷಯವನ್ನು ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರೇ ಹೇಳಿಯಾರು.

ಹೊರಡುವ ಮುನ್ನ, ಆ ಅಚ್ಚನ್ನು ಪೊಲೀಸ್ ಠಾಣೆಗೆ ಕೊಟ್ಟುಬಿಡಿ ಎಂದು ಅಜ್ಜನಿಗೆ ಹೇಳಿದೆ. 'ಕೊಡಬಹುದಪ್ಪ. ಇಷ್ಟು ದಿನ ಯಾಕೆ ಇಟ್ಕೊಂಡಿದ್ದೆ ಅಂತ ಕೇಳಿದ್ರೆ ಏನ್ ಹೇಳ್ಲಿ?' ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅವರು ಅದನ್ನು ಪಂಚೆಯ ಅಂಚಿನಿಂದ ಒರೆಸಿ ಮತ್ತೆ ಮೊಳೆಗೆ ಸಿಕ್ಕಿಸಿದರು.